ದಿವಾನನ ತಾಟು

ಹನ್ನೆರಡು ವರ್ಷ ನನ್ನ ಕೈಯಾಗಿಂದ ತಿಂದಾಂವ
ಅಮಾಸಿ ಮರುದಿನ ತಾಟು ಸರಸಾಕ ಹೋದ್ರ
ಗುರ್ ಅಂದ.
ಜೋರಲ್ಲ. ಬೆಟಗೇರಿ ಓಣ್ಯಾಗ ಹಳೇ ಮಗ್ಗ
ಶುರು ಆಗೂ ಮೊದಲ ಒಂದ್ಸಲ ಕೆಮ್ಮತದಲ್ಲ, ಅಷ್ಟ.

ಖಾನಾವಳಿ ಹಿತ್ತಲದಾಗ ತುಳಜಾಸಾ
ಒಲಿ ಕಟಗಿ ಎತ್ತಿದ್ರು, ಮನಿ ಮಾತಿನಾಗ ಬೈದ್ರು:
ಉಂಡ ಮನಿಗೇ ಗುರ್ ಅಂತೈತಿ,
ಇವತ್ತ ಮುರೀತೀನಿ ಇದರ ಸೊಕ್ಕ.
ಕಟಗಿ ಕಸಗೊಂಡು ಒಲಿಗೇ ಇಟ್ಟೆ.
ಸೊಕ್ಕಲ್ಲ ಅದು. ಏನಂತ ನನಗೂ ಗೊತ್ತಿರಲಿಲ್ಲ.

ದನದ ದವಾಖಾನಿ ಡಾಕ್ಟರಬಾಯಿ, ಸಣ್ಣ ಹುಡಿಗಿ,
ತುಟಿ ಎತ್ತಿ ಬ್ಯಾಟರಿ ಬಿಟ್ಟು ತೋರಿಸಿದ್ಲು:
ದವಡಿ ಹಲ್ಲಿನ ಬುಡಕ್ಕ ಕೀವು,
ಎರಡೂ ಕಣ್ಣಾಗ ಹಾಲಿನ ಕೆನಿ.
"ಎಲುಬು ಬಂದ್ ಮಾಡ್ರಿ. ಉಣ್ಣೂವಾಗ ಹಿಂದಿಂದ ಹೋಗಬ್ಯಾಡ್ರಿ.
ಗುರ್ ಅಂದಿದ್ದಕ್ಕ ಹೊಡದ್ರ
ಗುರ್ ಅನ್ನೂದು ಬಿಡತೈತ್ರಿ,
ಕಡಿಯೂದು ಬಿಡಂಗಿಲ್ಲ."

ಎಲುಬು ಬಂದ್!
ಸಾವಜಿ ಖಾನಾವಳಿ ನಾಯಿಗೆ!
ತುಳಜಾಸಾ ದಾರಿತುಂಬ ನಕ್ಕರು,
ಮನಿ ಮುಟ್ಟೂದ್ರಾಗ ಸುಮ್ಮನಾಗಿದ್ರು.

ಹಲ್ಲು ಕೀಳಿಸಿದಿವಿ.
ಈಗ ಕಟಗಿ ಖೋಲಿ ಅವನ ಊಟದ ಮನಿ.
ಬಾಗಲಕ್ಕ ಅಡ್ಡ ಹಲಗಿ,
ಮೊಮ್ಮಗಳು ಅಂಬುಗೆ ಹಲಗಿ ಈಚೆ ಜಾಗಾ.
ಎಣ್ಣಿ ಡಬ್ಬಿ ಮ್ಯಾಲ ತಾಟು, ಕುತ್ತಿಗಿ ಬಗ್ಗಂಗಿಲ್ಲ ಪಾಪ.
ಕಿವುಚಿದ ರೊಟ್ಟಿ, ಖಾರಾ ಹಾಕೂ ಮೊದಲ ತಗದ ಖೈಮಾ.
ನಾ ಎದುರಿಂದ ಬರತೀನಿ, ದೂರ ನಿಂತು
ಬೆಂದ ಕಾಳಜಿ ಒಂದ ಚೂರು ಒಗೀತೀನಿ,
ತಿರುಗಿ ಹೋಗತೀನಿ.
ನಿನ್ನೆ ಹತ್ತ ಹೆಜ್ಜಿ. ಇವತ್ತ ಒಂಬತ್ತು.
ಒಂದಿನ ಅವಸರಕ್ಕ ಆರಕ್ಕ ಹೋದೆ,
ಮತ್ತ ಹನ್ನೆರಡರಿಂದ ಶುರು.
ಕಸಗೊಳ್ಳಾಕ ಬರೂ ಕೈ ಅಲ್ಲ ಇದು ಅಂತ
ಹೇಳಾಕ ನನಗ ಬ್ಯಾರೆ ಭಾಷಾ ಬರಂಗಿಲ್ಲ.

ನೋವು ಹೋಗೇತಿ. ಇನ್ನೂ ಒಮ್ಮೊಮ್ಮೆ ಗುರ್ ಅಂತಾನ.
ಹೌದಪಾ, ಕೇಳಿಸ್ತು ಅಂತೀನಿ. ಅಲ್ಲೇ ನಿಲ್ಲತೀನಿ.

ರಾತ್ರಿ ಗಿರಾಕಿ ಹೋದಮ್ಯಾಲ ನಾ ಉಣ್ಣಾಕ ಕುಂತ್ರ
ಅಂಬು ನನ್ನ ಆಡಸತಾಳ:
ಎಡಗೈ ನೋಡ ಆಯಿ,
ತಾಟಿನ ಸುತ್ತ ಬೇಲಿ ಹಾಕಿದಂಗ!
ಏಳು ಮಂದಿ ಅಣ್ಣತಮ್ಮರ ನಡುವ ಉಂಡ ಕೈ ಅದು.
ನನ್ನ ತಾಟಿಗೆ ಯಾರೂ ಕೈ ಹಾಕದ
ನಲವತ್ತ ವರ್ಷಾತು.
ತಗೀಬೇಕಂತೀನಿ. ಅಲ್ಲೇ ಇರತೈತಿ.