ಅಳತಿ ಬುಕ್ಕ

ಚೌಬಾರಾದ ಹಿಂದಿನ ಗಲ್ಲಿಯಾಗ ನಂದೊಂದು ಮಷಿನ್,
ಇಪ್ಪತ್ತೆರಡು ವರ್ಷದ್ದೊಂದು ಅಳತಿ ಬುಕ್ಕ,
ಮಷಿನಿನ ಎಣ್ಣಿ ಕುಡದು ಹಳದಿ ಆಗ್ಯಾದ.

ಇರ್ಫಾನಾ, ನಾಕನೇ ಕ್ಲಾಸು: ಫ್ರಾಕು, ತೋಳು ಗಿಡ್ಡ,
ಗಿರಕಿ ಹೊಡದರ ಛತ್ರಿ ಆಗಬೇಕು ಅಂದಿದ್ಳು.
ಏಳನೇದಕ್ಕ ತೋಳು ಮೊಣಕೈ ದಾಟ್ತು.
ಒಂಬತ್ತನೇದಕ್ಕ ಕೊಳ್ಳ ಎರಡು ಬೆರಳು ಮ್ಯಾಲ.
ಕಾಲೇಜಿಗಿ ಹೊಂಟ ವರ್ಷ
"ಖಾಲಾ, ಸಡ್ಲ ಇಡ್ರಿ, ಇನ್ನಾ ಸಡ್ಲ" ಅಂದು
ಟೇಪಿನೊಳಗ ಉಸಿರು ಬಿಗಿಹಿಡದು ನಿಂತ್ಳು.

ಯಾಕವಾ ಅಂತ ಕೇಳಿಲ್ಲ ನಾ.
ಕೇಳೂದೇನದ? ಬಸ್ ಸ್ಟ್ಯಾಂಡಿನಿಂದ ಇಲ್ಲಿತನಾ
ಪಾನ್ ಡಬ್ಬಾ ಮೂರು, ಕಟಿಂಗ್ ಅಂಗಡಿ ಒಂದು,
ಮತ್ತ ಆ ಖಾಲಿ ಕಟ್ಟಿ,
ಯಾವತ್ತೂ ಖಾಲಿ ಇರದ ಕಟ್ಟಿ.

ಮುಟ್ಟಲ್ಲ, ಮಾತಾಡಸಲ್ಲ, ಬರೇ ನೋಡತಾರ.
ನೋಡಿದರ ಏನು ಸವೀತದ? ಅಂತಾರ.
ಬರ್ರಿ, ಬುಕ್ಕ ತಗದು ತೋರಸ್ತೀನಿ.
ಝರಣಮ್ಮನ ಮಗಳಿಗಿ ಮೇ ತಿಂಗಳಾಗೂ ಒಳಗ ಅಸ್ತರ.
ದವಾಖಾನಿ ಸಿಸ್ಟರ್ ಎಸ್ತೇರಮ್ಮಂದು
ಬೆನ್ನಿನ ಗುಂಡಿ ಎಲ್ಲಾ ಮುಂದ.
ಒಬ್ಬಾಕಿ ಅಂತೂ ಬರೇ ಕಿಸೆ ಬೇಕು ಅಂದ್ಳು,
ಕೈ ಎಲ್ಲಿ ಇಟ್ಟಕೋಬೇಕೋ ತಿಳೀವಲ್ದು ಅಂತ.
ಈ ಊರಿನ ಕಣ್ಣು ತಾನುಗಟ್ಟಲೆ ಬಟ್ಟಿ ತಿಂದಾವ.
ರೊಕ್ಕ ಹುಡುಗ್ಯಾರೇ ಕೊಟ್ಟಾರ.
ನಾ ತಗೊಂಡೀನಿ. ಸುಳ್ಳ್ಯಾಕ ಹೇಳಲಿ.

ನಿನ್ನಿ ಸಂಜೀಮುಂದ ಗುಂಡಿ ತರಲಾಕ ಹೊಂಟಿದ್ದೆ.
ಕಟ್ಟಿ ಮ್ಯಾಲ ನಾಕು ಮಂದಿ,
ಒಬ್ಬನ ಮೈಮ್ಯಾಲಿನ ಬುಶ್ಶರ್ಟು ನನ್ನ ಹೊಲಿಗಿ.
ಎದುರಿಗಿ ಒಂದು ಹುಡುಗಿ ಟಿಫಿನ್ ಡಬ್ಬಿ ಎದಿಗಿ ಒತ್ತಿ
ದಬದಬ ಹೊಂಟಿದ್ಳು. ಆ ಕುರ್ತಾನೂ ನಂದೇ.
ಆಕಿ ಗಲ್ಲಿ ತಿರುಗೂತನಾ ಅವನ ಕುತ್ತಿಗಿ ತಿರುಗ್ತು,
ಸಾವಕಾಶ, ನನ್ನ ಮಷಿನಿನ ಗಾಲಿ ಹಂಗ.
ನನ್ನ ಕಂಡು ನಕ್ಕ.
"ಅವ್ವಾ, ಚಾ ಕುಡೀತಿ ಏನು?"

ರಾತ್ರಿ, ಹಂಚು ಕಾಯಲಾಕ ಇಟ್ಟು,
"ವಿಲಾಸ, ಇಲ್ಲಿ ಬಾ" ಅಂದೆ.
ಟೇಪು ತಗದು ಕೊಳ್ಳಿಗಿ ಸುತ್ತಿದೆ.
ಹೊಸ ಅಂಗಿ ಅಂತ ತಿಳದು ಗದ್ದ ಎತ್ತಿ ನಿಂತ,
ಸಣ್ಣಾಂವ ಇದ್ದಾಗ ನಿಲ್ಲತಿದ್ದಂಗ.
ಹದಿನೈದು ಇಂಚು. ಹೋದ ವರ್ಷ ಇದ್ದಷ್ಟೇ.

ಟೇಪು ಬಿಡಲಿಲ್ಲ ನಾ.
"ಎಷ್ಟಾಯ್ತವ್ವಾ?"
"ತಡಿ. ಅಲ್ಲಾಡಬ್ಯಾಡ.
ನನ್ನ ಕಡಿ ನೋಡು."

ಹಂಚು ಹೊಗಿ ಬಿಡಲಾಕ ಹತ್ತಿತ್ತು.
ಅವ ಗ್ವಾಡಿ ನೋಡಿದ.