ಗಾಜು ಮುಟ್ಟಬಾರದು

ಮೂರು ದಿನದಿಂದ ನಮ್ಮ ಕಾರು ಒಕ್ಕಣ್ಣಿನದು.
ಬೆಳಗಿನ ಜಾವ ನಾಲ್ಕಕ್ಕೆ ಹಾಲಿನ ಕ್ಯಾನು ತುಂಬಿಕೊಂಡು
ಆತ್‌ಬಾಶಿಯಿಂದ ನರಿನ್ ಪೇಟೆಗೆ ಹೋಗುವಾಗ
ಎದುರಿನ ಲಾರಿಯವನು ನನ್ನನ್ನು ಬೈಕು ಅಂದುಕೊಂಡ,
ಇದ್ದ ರಸ್ತೆಯೆಲ್ಲ ತನ್ನದು ಅಂದುಕೊಂಡ.
ಎಡಗಡೆಯ ಕನ್ನಡಿ ಅವನ ಜೊತೆ ಹೋಯಿತು.
ನಾನು ಉಳಿದೆ. ಹಾಲೂ ಉಳಿಯಿತು, ಅರ್ಧ ಕ್ಯಾನು ಬಿಟ್ಟು.

ಸಂತೆಯಲ್ಲಿ ಬಲ್ಬಿಗೆ ನೂರೆಂಬತ್ತು ಸೋಮ್.
ಹಾಕಿಕೊಡಲು ಇನ್ನೂರು, ಎಂದ ಗ್ಯಾರೇಜಿನ ಹುಡುಗ,
ಮೀಸೆ ಇನ್ನೂ ಯೋಚನೆ ಮಾಡುತ್ತಿರುವವನು.
"ಇನ್ನೂರಾ!" ಮಾವ ಚಹಾದ ಬಟ್ಟಲು ಕೆಳಗಿಟ್ಟರು.
ಮೂವತ್ತು ವರ್ಷ ದೊಲೋನ್ ಘಾಟಿಯಲ್ಲಿ
ಲಾರಿಗಳ ಹೊಟ್ಟೆ ಸೀಳಿ ಹೊಲಿದವರು,
ಹಿಮದ ಮೇಲೆ ಅಂಗಾತ ಮಲಗಿ, ಬೆಂಕಿಕಡ್ಡಿಯ ಬೆಳಕಲ್ಲಿ.
ಈಗ ಬಟ್ಟಲು ಕೆಳಗಿಟ್ಟ ಮೇಲೂ
ಒಳಗೆ ಚಹಾ ಸ್ವಲ್ಪ ಹೊತ್ತು ಅಲೆಯಾಡುತ್ತದೆ.

ಸಂಜೆ ಅಂಗಳಕ್ಕೆ ಮುಕ್ಕಾಲಿ ಬಂತು,
ಮುಕ್ಕಾಲಿಯ ಮೇಲೆ ಮಾವ, ಕೈಯಲ್ಲಿ ಟಾರ್ಚು.
"ಮೊದಲು ಕೈ ತೊಳಿ, ಬುರುಲ್. ಕುರಿಕೊಬ್ಬು ಮೆತ್ತಿದೆ."
ತೊಳೆದು ಬಂದೆ.
"ಇನ್ನೊಂದು ಸಲ."
ಮತ್ತೆ ತೊಳೆದು ಬಂದೆ.
"ಬುಡ ಹಿಡಿ. ಗಾಜು ಮುಟ್ಟಬಾರದು.
ಬೆರಳಿನ ಜಿಡ್ಡನ್ನು ಗಾಜು ಮರೆಯುವುದಿಲ್ಲ,
ಕಾದಾಗ ನೆನಪು ಮಾಡಿಕೊಂಡು ಅಲ್ಲೇ ಸಿಡಿಯುತ್ತದೆ."

ಮೊದಲು ಪ್ಲಗ್ಗು: ಮೂರು ಹಲ್ಲು, ಹಟಮಾರಿ.
ಆಮೇಲೆ ರಬ್ಬರಿನ ಟೋಪಿ, ಮುದಿ ಕಿವಿಯ ಹಾಗೆ ಗಟ್ಟಿ.
ಅದರಾಚೆ ಸಣ್ಣ ತಂತಿಯ ಕ್ಲಿಪ್ಪು,
ಇರುವುದು ನೀರಿನ ಡಬ್ಬಿಯ ಹಿಂದೆ, ಕಣ್ಣಿಗೆ ಸಿಗದ ಕಡೆ.
ಟಾರ್ಚಿನ ಬೆಳಕು ಅಲ್ಲಿಗೆ ಹೋಗುತ್ತದೆ, ನಿಲ್ಲುವುದಿಲ್ಲ.
ಕ್ಲಿಪ್ಪು ಎರಡಾಗುತ್ತದೆ, ನಾಲ್ಕಾಗುತ್ತದೆ,
ಪ್ರತಿ ಸಲ ನಾನು ಹಿಡಿದದ್ದು ಅದರ ನೆರಳನ್ನು.
"ಟಾರ್ಚು ಆರಿಸಿ ಮಾವ," ಅಂದುಬಿಟ್ಟೆ.

ಆರಿತು.
ದೊಡ್ಡಿಯಲ್ಲಿ ಯಾವುದೋ ಕುರಿ ಕೆಮ್ಮಿತು.
ಎಷ್ಟು ಹೊತ್ತು ಅಂದರೆ
ನಾನಾಡಿದ್ದು ನನಗೇ ಇನ್ನೊಮ್ಮೆ ಕೇಳುವಷ್ಟು ಹೊತ್ತು.

ಆಮೇಲೆ ಕತ್ತಲಲ್ಲಿ ಅವರ ದನಿ:
"ಒಳಕ್ಕೆ ಒತ್ತು. ಹಾಗೇ ಎಡಕ್ಕೆ. ಈಗ ಬಿಡು."
ಅವರ ಕೈ ಅವರ ಮೊಣಕಾಲ ಮೇಲಿತ್ತು,
ಆದರೂ ನನ್ನ ಬೆರಳೊಳಗೆ ಇನ್ನೊಂದು ಬೆರಳು ಹೊಕ್ಕ ಹಾಗೆ
ಕ್ಲಿಪ್ಪು ಟಕ್ಕೆಂದಿತು.
ಕಣ್ಣು ಹಾಕುವುದಕ್ಕೆ ಕಣ್ಣು ಬೇಕಿರಲಿಲ್ಲ.

ಸತ್ತ ಬಲ್ಬನ್ನು ಮಾವನ ಅಂಗೈಗೆ ಕೊಟ್ಟೆ.
ಕಿವಿಯ ಹತ್ತಿರ ಹಿಡಿದರು;
ಅಲ್ಲಾಡಿಸುವ ಕೆಲಸವನ್ನು ಕೈ ತಾನೇ ಮಾಡಿತು.
ಒಳಗೆ ತುಂಡು ತಂತಿ, ಕಿಣಿಕಿಣಿ.
"ಇದು ನಾನೇ ಹಾಕಿದ್ದು. ನಿನ್ನ ಮದುವೆಯ ವರ್ಷ."
ಹೊಸದನ್ನು ಕಾಗದದಿಂದ ಬಿಡಿಸಿ
ಬುಡ ಹಿಡಿದು, ಉಸಿರು ಹಿಡಿದು, ಒಳಗೆ ಕೂರಿಸಿದೆ.

ಕೀಲಿ ತಿರುಗಿಸಿದರೆ ದೊಡ್ಡಿಯ ಮಣ್ಣುಗೋಡೆಯ ಮೇಲೆ ಎರಡು ಬೆಳಕು:
ಎಡಗಡೆಯದು ಈಗ ಕರೆದ ಹಾಲು,
ಬಲಗಡೆಯದು ಹಳೇ ಬೆಣ್ಣೆ.
ಇಷ್ಟು ದಿನ ಅದನ್ನೂ ಬಿಳಿಯೆಂದೇ ನಂಬಿದ್ದೆ.

"ತಾಳು, ಎತ್ತರ ನೋಡಬೇಕು."
ಮಾವ ಎದ್ದು ಬೆಳಕಿನೊಳಗೆ ನಡೆದರು,
ಅಳತೆ ಹಿಡಿಯಲು ಕೈ ಮುಂದೆ ಚಾಚಿದರು.
ಗೋಡೆಯ ಮೇಲೆ ಆ ಕೈ ದೊಡ್ಡಿಗಿಂತ ದೊಡ್ಡದಾಯಿತು,
ಕಾಲಿಗೆ ದಾರ ಕಟ್ಟಿದ ಹದ್ದಿನ ಹಾಗೆ
ಒಂದೇ ಸಮ ರೆಕ್ಕೆ ಬಡಿಯಿತು.
ನೋಡುತ್ತಾ ನಿಂತರು.
ಬೇರೆ ಯಾರದೋ ಕೈ ಅನ್ನುವ ಹಾಗೆ ನಿಂತರು.

ಕೀಲಿ ಹಿಂದಕ್ಕೆ ತಿರುಗಿಸಿದೆ.
"ಬ್ಯಾಟರಿ ಇಳಿಯುತ್ತೆ ಮಾವ."

ಕತ್ತಲು.
"ಬ್ಯಾಟರಿ ಗಟ್ಟಿಯಿದೆ," ಗೋಡೆಯ ಕಡೆಯಿಂದ ದನಿ ಬಂತು,
"ಹೋದ ತಿಂಗಳು ನೀರು ಹಾಕಿದ್ದು ನಾನೇ.
ದೀಪ ಹಾಕು.
ಎಡಗಣ್ಣು ಎರಡು ಬೆರಳು ಮೇಲೆ ನೋಡುತ್ತಿದೆ.
ಸ್ಕ್ರೂ ನೀನು ತಿರುಗಿಸು.
ಸಾಕು ಅನ್ನುವುದನ್ನು ನಾನು ಹೇಳುತ್ತೇನೆ."