ಗೆರೆಯಿಂದ ಹತ್ತು ಹೆಜ್ಜೆ ಆಚೆ

"ಗೆರೆಯ ಮೇಲೆ ನಿಲ್ಲಬೇಡಿ," ಎಂದರು ಫಿಲೋಮಿನಾ ಟೀಚರ್,
"ನೀವು ನಿಂತಲ್ಲಿಗೇ ಅವನೂ ನಿಲ್ಲುತ್ತಾನೆ.
ಹತ್ತು ಹೆಜ್ಜೆ ಆಚೆ ನಿಲ್ಲಿ. ಹೆಸರು ಹಿಡಿದು ಕೂಗಿ."

ಹಾಗೆ ನಾನು ಚೆಂಬೂರಿನ ಮೈದಾನದಲ್ಲಿ
ಭಾನುವಾರ ಬೆಳಿಗ್ಗೆ ಆರೂವರೆಗೆ
ಸುಣ್ಣದ ಗೆರೆಯಾಚೆ ನಿಂತೆ,
ಕೊರಳಲ್ಲೊಂದು ಸ್ಟಾಪ್‌ವಾಚು,
ಇಪ್ಪತ್ತೆರಡು ವರ್ಷ ಹೋಟೆಲಿನ ಗಲ್ಲೆಯಲ್ಲಿ ಕೂತು
ಸವೆದ ಹೆಬ್ಬೆರಳು ಅದರ ಗುಂಡಿಯ ಮೇಲೆ.

ಹರೇಶ್ವರ ಕೋಳಿ. ಟ್ರಾಂಬೆಯವನು. ವಯಸ್ಸು ಇಪ್ಪತ್ತಾರು.
ಹೆಸರು ಪೂರ್ತಿ ಕೂಗಬೇಕು, 'ಹರಿ' ಎಂದರೆ ತಿರುಗಿ ನೋಡುವುದಿಲ್ಲ.
ಬೂಟಿನ ಲೇಸು ಎಡದ್ದು ಮೊದಲು, ಎರಡೆರಡು ಗಂಟು;
ಅಪ್ಪಿತಪ್ಪಿ ಬಲದ್ದಕ್ಕೆ ಕೈ ಹಾಕಿದೆನೋ
ಎರಡನ್ನೂ ಬಿಚ್ಚಿ, ಕಾಲು ಚಾಚಿ, ಕಾಯುತ್ತಾನೆ
ನನಗೆ ಬುದ್ಧಿ ಬರುವ ತನಕ.

ಒಂದು ವಾರ ಹಾರ್ಬರ್ ಲೈನಿನಲ್ಲಿ ಮೆಗಾಬ್ಲಾಕು, ಹನ್ನೊಂದು ನಿಮಿಷ ತಡ.
ಗೇಟಿನಲ್ಲೇ ನಿಂತಿದ್ದ, ಮಣಿಕಟ್ಟು ತೋರಿಸುತ್ತ,
ಗಡಿಯಾರವಿಲ್ಲದ ಮಣಿಕಟ್ಟು.
ಧಣಿ ಬೈದಾಗಲೂ ಇಷ್ಟು ತಲೆ ತಗ್ಗಿಸಿರಲಿಲ್ಲ ನಾನು.

"ಪುಣ್ಯದ ಕೆಲಸ ಮಾರಾಯ," ಎನ್ನುತ್ತಾರೆ ಹೋಟೆಲಿನಲ್ಲಿ,
ಇಡ್ಲಿ ಪಾರ್ಸೆಲಿನ ನಡುವೆ, ಚಿಲ್ಲರೆ ಎಣಿಸುವ ನಡುವೆ.
ಪುಣ್ಯವಂತೆ! ಬಂದು ನೋಡಲಿ,
ನೀರಿನ ಬಾಟಲಿ ಹಿಡಿದು ಅವನ ಹಿಂದೆ
ನಾನು ಏದುಸಿರು ಬಿಡುವುದನ್ನು.

ಅವನ ತಾಯಿ ಮಾತ್ರ ಏನೂ ಅನ್ನುವುದಿಲ್ಲ.
ಬುಟ್ಟಿ ಇಳಿಸಿ, ಕಟ್ಟೆಯ ಮೇಲೆ ಕೂತು,
ಬೊಂಬಿಲಿನ ವಾಸನೆಯ ಸೆರಗಲ್ಲಿ ಮುಖ ಒರೆಸಿ
ನನ್ನನ್ನು ತೂಗಿ ನೋಡುತ್ತಾಳೆ.
ಒಮ್ಮೆ ಕೇಳಿದಳು: "ಮುಂದಿನ ಭಾನುವಾರವೂ ಬರುತ್ತೀಯಾ?"
ಎಷ್ಟು ಮಂದಿಗೆ ಅದನ್ನು ಕೇಳಿದ್ದಳೋ.

ಸ್ಪರ್ಧೆಗೆ ಒಂದು ವಾರ. ಕೊನೆಯ ತಾಲೀಮು.
ಸೀಟಿ.
ಹೊರಟ, ಮೊಣಕೈ ಅಗಲಿಸಿ, ಗಲ್ಲ ಮೇಲೆತ್ತಿ,
ತುಂಬಿದ ಬಲೆ ದಡಕ್ಕೆಳೆಯುವವರ ಹಾಗೆ ಹಲ್ಲು ಕಚ್ಚಿ,
ಪ್ರತಿ ಸಲ ನಿಧಾನಿಸುವ ಎಂಬತ್ತನೆಯ ಮೀಟರಿನಲ್ಲಿ
ನಿಧಾನಿಸಲೇ ಇಲ್ಲ.
ಹರೇಶ್ವರ ಕೋಳೀ, ಎಂದು ಕೂಗಿದೆ,
ಎರಡೂ ಕೈ ಎತ್ತಿ ಕೂಗಿದೆ, ಕುಣಿದೆ,
ಅವನು ಗೆರೆ ದಾಟಿ, ಹತ್ತು ಹೆಜ್ಜೆ ದಾಟಿ,
ನನ್ನ ಎದೆಗೇ ಬಂದು ಬಡಿದು ನಿಂತ.

"ಕಿತೀ?"

ಸ್ಟಾಪ್‌ವಾಚು ಓಡುತ್ತಲೇ ಇತ್ತು.
ಒಂದು ರೂಪಾಯಿಯ ಲೆಕ್ಕ ತಪ್ಪದ ಕೈ
ಒತ್ತುವುದನ್ನು ಮರೆತಿತ್ತು.
ಹತ್ತೊಂಬತ್ತು ಎನ್ನಲೇ? ಹದಿನೆಂಟೂವರೆ?
ಯಾರಿಗೆ ಗೊತ್ತಾಗುತ್ತದೆ?
ಅವನ ಉಸಿರು ನನ್ನ ಅಂಗಿಯ ಮೇಲೆ. ಕಾಯುತ್ತಿದ್ದ,
ಬಿಚ್ಚಿದ ಲೇಸು ಮುಂದಿಟ್ಟು ಕಾಯುವ ಹಾಗೆಯೇ.
"ಒತ್ತಲಿಲ್ಲ," ಎಂದೆ.

ಮೈದಾನಕ್ಕೆಲ್ಲ ಕೇಳುವಂತೆ ಟೀಚರಿಗೆ ದೂರು ಕೊಟ್ಟ:
"ಹಾ ವಿಸರಲಾ!" ಇವನು ಮರೆತ!
ಆಮೇಲೆ ಏನೂ ಆಗದವನಂತೆ
ನೂರು ಮೀಟರು ಹಿಂದಕ್ಕೆ ನಡೆದುಹೋಗಿ
ಒಬ್ಬನೇ ಇನ್ನೊಮ್ಮೆ ಓಡಿದ,
ನಾನು ಸರಿಯಾಗಿ ಒತ್ತಲೆಂದು.

ಇಪ್ಪತ್ತು ಸೆಕೆಂಡಿನ ಮೇಲೆ ಚೂರು. ವಹಿಯಲ್ಲಿ ಬರೆದೆ.
ಮೊದಲ ಓಟದ ಮನೆ ಖಾಲಿ.
ಅದನ್ನೇ ನೋಡಿದ, ತುಂಬಾ ಹೊತ್ತು.
ನನ್ನ ಪೆನ್ನು ಕಿತ್ತುಕೊಂಡು
ಆ ಖಾಲಿ ಮನೆಯಿಂದ ಒಂದು ಗೆರೆ ಎಳೆದ,
ಅದು ಪಕ್ಕದ ಮನೆ ದಾಟಿ, ಅದರಾಚೆಯದ್ದು ದಾಟಿ
ಹಾಳೆಯ ಅಂಚಿಗೆ ಬಂತು,
ಅಂಚೂ ದಾಟಿ
ವಹಿ ಹಿಡಿದ ನನ್ನ ಹೆಬ್ಬೆರಳಿಗೆ.